ನಾನು ಬೇಡವೆಂದ ಮಾವಾ

ಇಚಲಕರಂಜಿ
ಭಾನುವಾರ, ೧೨ ಅಕ್ಟೋಬರ್ ೨೦೨೫

ಪೂಜ್ಯ ಮಾವನವರಿಗೆ,

ಸೊಸೆ ವೃಷಾಲಿ ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಾಳೆ. ಸಿಟ್ಟಿನಲ್ಲಿ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡಿ. ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಇಷ್ಟು ವರ್ಷ ಬಟ್ಟೆ ನೇಯುವ ಮಾಗದ ಕಾರಖಾನೆಯಲ್ಲಿ ಹತ್ತಿಯ ಧೂಳು ಕುಡಿದ ಎದೆ ನಿಮ್ಮದು. ಈಗ ಗಡಹಿಂಗ್ಲಜದಲ್ಲಿ ಅಳಿಯ ಬಾಳಗೊಂಡಣ್ಣನವರ ಅಂಗಡಿಯ ಮೆಣಸಿನಕಾಯಿ ಘಾಟು ಬೇರೆ. ಬೆಳಗಾದರೆ ಚೀಲಗಳ ನಡುವೆ ಕೂತು ತೊಟ್ಟು ಮುರಿಯುತ್ತೀರಂತೆ, ಬೇಡವೆಂದರೂ ಕೇಳುವುದಿಲ್ಲವಂತೆ. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಬಾರದೆಂಬ ನಿಮ್ಮ ಹಟ ನನಗೆ ಗೊತ್ತು. ಆದರೆ ಮೂಗಿಗೆ ಟವೆಲ್ಲನ್ನಾದರೂ ಕಟ್ಟಿಕೊಳ್ಳಿ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಇದು ರೂಢಿಗೆ ಬರೆದ ಸಾಲಲ್ಲ, ನಿಜವಾಗಿಯೂ ಬಹಳ ಚೆನ್ನಾಗಿದ್ದೇವೆ. ಸಪನಾ ಮಾತ್ರ ದಿನಾ ಸಂಜೆ ಬಾಗಿಲಲ್ಲಿ ನಿಂತು ಅಜ್ಜ ಯಾವಾಗ ಬರುತ್ತಾನೆಂದು ಕೇಳುತ್ತಾಳೆ, ನಾನು ನಾಳೆ ಎನ್ನುತ್ತೇನೆ. ಆ ಹುಡುಗಿಯ ಹತ್ತಿರ ನನ್ನ ಮಾತಿಗೆ ಈಗ ಬೆಲೆಯೇ ಉಳಿದಿಲ್ಲ.

ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದುಕೊಳ್ಳುತ್ತಿದ್ದೀರಿ. ನಾನು ಫೋನ್ ಮಾಡಿದಾಗಲೆಲ್ಲ ನೀವು ಬರೋಬರ ಇದ್ದೇನೆ ಎಂದಷ್ಟೇ ಹೇಳಿ ಮನೀಷಾಳ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈಗ ನಾನು ಹೇಳಬೇಕಾದ ಮಾತನ್ನು ಕಿವಿಯಿಂದ ಕೇಳಿದರೆ ನೀವು ಮತ್ತೊಮ್ಮೆ ತಪ್ಪು ತಿಳಿಯುತ್ತೀರಿ. ಕಾಗದದ ಮೇಲಾದರೆ ದೀರ್ಘ ಕಣ್ಣಿಗೆ ಕಾಣುತ್ತದೆ. ಇವರು ರಾತ್ರಿಪಾಳಿ ಮುಗಿಸಿ ಮಲಗಿದ್ದಾರೆ. ಏಳುವುದರೊಳಗೆ ಬರೆದು ಮುಗಿಸಬೇಕು, ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಸಂಕೇಶ್ವರದ ಕನ್ನಡ ಶಾಲೆ ಬಿಟ್ಟಮೇಲೆ ಇಷ್ಟು ಕನ್ನಡ ಬರೆಯುತ್ತಿರುವುದು ಇದೇ ಮೊದಲು.

ನಿನ್ನೆ ನಾನು ಕಾರಖಾನೆಯಲ್ಲಿ ಕಾಂಡಿಗೆ ನೂಲು ಸುತ್ತುತ್ತಿದ್ದಾಗ ಮನೀಷಾ ಫೋನ್ ಮಾಡಿದಳು. ಮಾಗಗಳ ಸದ್ದಿನಲ್ಲಿ ಏನೂ ಕೇಳಿಸದೆ ಹೊರಗೆ ಓಡಿಬಂದರೆ ಅವಳು ಮೊದಲ ಮಾತಿಗೇ ಉರಿದುಬಿದ್ದಳು. "ವೈನಿ, ನಮ್ಮಪ್ಪಗ ಮನಿ ಬಿಟ್ಟ ಹೋಗು ಅಂತ ಹೇಳಾಕ ನಿನಗ ಬಾಯಿ ಹೆಂಗ ಬಂತು?" ಎಂದಳು. ನೀವು ನಿನ್ನೆ ಬೆಳಗಿನ ಚಹಾ ಕುಡಿಯುವಾಗ ಬಾಳಗೊಂಡಣ್ಣನವರ ಮುಂದೆ ಕೊನೆಗೂ ಬಾಯಿಬಿಟ್ಟಿರಂತೆ. ಗಣಪತಿ ಕಳಿಸಿದ ಮೇಲೆ ಒಂದು ಸಂಜೆ ನೀವು ಹೊರಗಿನಿಂದ ಬಂದು ಕಟ್ಟೆಯ ಮೇಲೆ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ನಾನು ಗಂಡನಿಗೆ ಹೇಳುತ್ತಿದ್ದುದು ನಿಮ್ಮ ಕಿವಿಗೆ ಬಿತ್ತಂತೆ: "ಇನ್ನ ಮ್ಯಾಲೆ ಈ ಮನ್ಯಾಗ ಒಂದ ನಾ ಇರಬೇಕು, ಇಲ್ಲಾ ಮಾವಾ ಇರಬೇಕು." ಅದಕ್ಕೆ ನಿಮ್ಮ ಮಗ, "ಇಷ್ಟ ವರ್ಷದ್ದು, ಒಮ್ಮಿಗೇ ಹೊರಗ ಹಾಕು ಅಂದ್ರ ಹೆಂಗ? ಸಾವಕಾಶ ಬಿಡತೇನಿ" ಎಂದರಂತೆ. ನಾನು ಸಾವಕಾಶ ಗೀವಕಾಶ ನಡೆಯುವುದಿಲ್ಲ, ನಾಳೆಯಿಂದಲೇ ಆಗಬೇಕು, ಮನೆಯೆಲ್ಲ ಹೊಲಸಾಗಿದೆ ಎಂದೆನಂತೆ. ನೀವು ಮರುದಿನವೇ ಚೀಲ ಹಿಡಿದು, ಮಗಳನ್ನು ನೋಡಿ ಬಹಳ ದಿನವಾಯಿತು ಎಂದು ಹೊರಟಿರಿ. ನಾನು ಹುಚ್ಚಿ, ದಾರಿಗೆಂದು ಚಪಾತಿ ಕಟ್ಟಿಕೊಟ್ಟು ಬಾಗಿಲವರೆಗೆ ಬಂದು ಕಳಿಸಿದೆ.

ಮಾವಾರ, ಈ ಮಾತುಗಳನ್ನೆಲ್ಲ ನಾನು ಆಡಿದ್ದು ನಿಜ. ಒಂದಕ್ಷರವೂ ಸುಳ್ಳಲ್ಲ. ಆದರೆ ನಾನು ಮನೆಯಿಂದ ಹೊರಗೆ ಹಾಕೆಂದದ್ದು ಮಾವನನ್ನಲ್ಲ, ಮಾವಾವನ್ನು. ದೀರ್ಘ ನೋಡಿ. ಅಡಿಕೆ ಚೂರಿಗೆ ತಂಬಾಕು, ಸುಣ್ಣ ಸೇರಿಸಿ, ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿ ಪುಡಿಕೆ ಕಟ್ಟಿ ಕೊಡುತ್ತಾರಲ್ಲ, ನಮ್ಮ ಕಾರಖಾನೆಗಳ ಸುತ್ತ ಪಾನಪಟ್ಟಿ ಅಂಗಡಿ ಅಂಗಡಿಯಲ್ಲಿ ಸಿಗುತ್ತದಲ್ಲ, ಆ ಮಾವಾ. ಮದುವೆಯಾಗಿ ಬಂದಂದಿನಿಂದ ನಾನು ನಿಮ್ಮನ್ನು ಮಾವಾರು ಎಂದಿದ್ದೇನೆಯೇ ಹೊರತು ಬರೀ ಮಾವ ಎಂದು ಯಾವತ್ತಾದರೂ ಕರೆದಿದ್ದೇನೆಯೇ? ಆ 'ರು' ಇಲ್ಲದ್ದನ್ನು ಕೇಳಿಯೇ ನಿಮಗೆ ಸಂಶಯ ಬರಬೇಕಿತ್ತು. ಆದರೆ ನೀವು ಮಗಳ ಹತ್ತಿರ, "ಮಾವಾರು ಅನ್ನೋದೂ ಬಿಟ್ಟಾಳ, ಬರೇ ಮಾವಾ ಅಂತಾಳ" ಎಂದು ಅದನ್ನೂ ಸೇರಿಸಿ ದೂರಿದಿರಂತೆ. ಮನೀಷಾ ಇದನ್ನು ಹೇಳಿದ್ದೇ ತಡ, ನನಗೆ ಎಂಥ ನಗು ಬಂತೆಂದರೆ ಕಾಂಡಿ ಸುತ್ತುವ ಹೆಂಗಸರೆಲ್ಲ ಕೆಲಸ ಬಿಟ್ಟು ಹೊರಗೆ ಬಂದರು. ನಕ್ಕು ನಕ್ಕು ಸಾಕಾದ ಮೇಲೆ ಅಳು ಬಂತು. ಇಷ್ಟು ದಿನ ನೀವು ಎಷ್ಟು ನೊಂದುಕೊಂಡು ಕೂತಿರಬೇಕು! ಮನೀಷಾಳಿಗೆ ಎಲ್ಲ ಹೇಳಿ, ಅಪ್ಪನ ಮುಂದೆ ಬಾಯಿ ಬಿಡಬೇಡ, ನಾನೇ ತಿಳಿಸುತ್ತೇನೆ ಎಂದಿದ್ದೇನೆ.

ಆದರೆ ಇದರಲ್ಲೊಂದು ಗಂಟಿದೆ. ನಾನು ಹೇಳಿದ್ದು ನಿಮ್ಮನ್ನಲ್ಲ ಎಂದು ತಿಳಿಸಬೇಕಾದರೆ, ನಮ್ಮ ಮನೆಯಲ್ಲಿ ಮಾವಾ ಹಾಕುವವರು ಯಾರಿದ್ದರು ಎನ್ನುವುದನ್ನೂ ಹೇಳಬೇಕಲ್ಲ. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. "ಅಪ್ಪಗ ಒಬ್ಬಗ ಗೊತ್ತಾಗಬಾರ್ದು, ಬೇಕಾದ್ರ ನಿನ್ನ ಕಾಲಿಗಿ ಬೀಳತೇನಿ" ಎಂದು ಇವರು ಬಗ್ಗಿಯೇ ಬಿಟ್ಟಿದ್ದರು, ನಾನೇ ಹಿಂದೆ ಸರಿದೆ. ಈಗ ಮಾತು ಉಳಿಸಿಕೊಂಡರೆ ಮಾವನವರನ್ನು ಕಳೆದುಕೊಳ್ಳುತ್ತೇನೆ. ಆದ್ದರಿಂದ ಮುರಿಯುತ್ತಿದ್ದೇನೆ. ನಿಮ್ಮ ಮಗನಿಗೆ ಮಾವಾದ ಚಟವಿತ್ತು. ರಾತ್ರಿಪಾಳಿಯಲ್ಲಿ ನಿದ್ದೆ ಬರಬಾರದೆಂದು ಶುರುವಾದದ್ದು, ಕಡೆಕಡೆಗೆ ನಿದ್ದೆಯಿಂದ ಏಳಲಿಕ್ಕೂ ಅದೇ ಬೇಕಾಯಿತು. ಇಡೀ ಕಾರಖಾನೆಗೆ ಗೊತ್ತಿತ್ತು. ನೀವು ಹಗಲುಪಾಳಿ, ಅವರು ರಾತ್ರಿಪಾಳಿ, ನಿಮಗೊಬ್ಬರಿಗೆ ಗೊತ್ತಾಗಲಿಲ್ಲ. ನಿಮ್ಮ ಮುಂದೆ ತಿನ್ನಬಾರದೆಂಬ ಮರ್ಯಾದೆ ಇವರಿಗೆ ಅಷ್ಟಿತ್ತು. ಆ ಮರ್ಯಾದೆಗೆ ನಾನೇನೆನ್ನಲಿ?

ನೀವು ಮನೀಷಾಳ ಹತ್ತಿರ ಇನ್ನೊಂದು ಮಾತನ್ನೂ ಹೇಳಿದಿರಂತೆ: ಮಗ ನನ್ನ ಜೊತೆ ಮಾತೇ ಆಡುವುದಿಲ್ಲ, ಏನು ಕೇಳಿದರೂ ಹೂಂ, ಊಹೂಂ ಎಂದು ತಲೆಯಾಡಿಸುತ್ತಾನೆ, ನಾನು ಒಳಗೆ ಬಂದರೆ ಅವನು ಎದ್ದು ಹಿತ್ತಲಿಗೆ ಹೋಗುತ್ತಾನೆ. ಹೌದು, ನೋಡಿದ್ದೇನೆ. ಬಾಯಿ ತುಂಬ ಮಾವಾ ಇಟ್ಟುಕೊಂಡವರು ಅಪ್ಪನ ಮುಂದೆ ಹೂಂ ಎನ್ನದೆ ಇನ್ನೇನು ಅನ್ನಬೇಕು? ಹಿತ್ತಲಿಗೆ ಓಡಿದ್ದು ಉಗುಳಲಿಕ್ಕೆ. ನೀವು ಊಟಕ್ಕೆ ಕರೆದಾಗ ಆಮೇಲೆ ಎಂದು ಕೈಯಾಡಿಸಿದ್ದೂ ಅದಕ್ಕೇ. ನಿಮ್ಮನ್ನು ಕಂಡರೆ ಆಗದೆ ಎದ್ದು ಹೋಗುತ್ತಿದ್ದರೆಂದು ನೀವು ತಿಳಿದಿರಿ. ನಿಮ್ಮನ್ನು ಕಂಡರೆ ಹೆದರಿಕೆಯಾಗಿ ಹೋಗುತ್ತಿದ್ದರು. ನಾನೂ ಅಷ್ಟೇ ದಡ್ಡಿ. ನನ್ನ ಕೈಯ ಪಲ್ಯಕ್ಕೆಲ್ಲ ಮೊಸರು ಸುರುವಿಕೊಂಡು ಉಣ್ಣುತ್ತಿದ್ದರಲ್ಲ, ನನ್ನ ಅಡಿಗೆ ಸೇರುವುದಿಲ್ಲವೆಂದು ನಾನು ಮುಖ ಊದಿಸಿಕೊಂಡಿರುತ್ತಿದ್ದೆ. ಬಾಯಿಯೊಳಗಿನ ಚರ್ಮ ಸುಟ್ಟ ಹಾಗಾಗಿ ಖಾರ ತಡೆಯುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನೋಡಿ, ಒಂದು ಪುಡಿಕೆ ನಮ್ಮಿಬ್ಬರನ್ನೂ ಎಷ್ಟು ಕುಣಿಸಿತು.

ಗಣಪತಿ ಹಬ್ಬದಲ್ಲಿ ನಾನು ಮೋದಕ ಮಾಡಿದ್ದು ನೆನಪಿದೆಯಲ್ಲ. ಇವರು ಒಂದನ್ನು ಬಾಯಿಗಿಡಲು ಹೋದರೆ ಬಾಯಿ ಅಷ್ಟು ತೆರೆಯಲೇ ಇಲ್ಲ, ಮುರಿದು ಮುರಿದು ತಿಂದರು. ಮರುದಿನ ಹಲ್ಲಿನ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಮೂರು ಬೆರಳು ಸಲೀಸಾಗಿ ಹೋಗಬೇಕಾದ ಬಾಯಿಯಲ್ಲಿ ಎರಡು ತುರುಕುವುದೇ ಕಷ್ಟವಾಯಿತು. ಈಗಲೇ ಬಿಟ್ಟರೆ ಇದು ಇಲ್ಲಿಗೇ ನಿಲ್ಲುತ್ತದೆ, ಬಿಡದಿದ್ದರೆ ಮುಂದೆ ದೊಡ್ಡ ಬೇನೆಯಾಗಬಹುದು ಎಂದು ಡಾಕ್ಟರು ಹೇಳಿ, ಕೊಲ್ಲಾಪುರದ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಲು ತಿಳಿಸಿದರು. ಆ ಸಂಜೆಯ ಜಗಳವೇ ನೀವು ಕಟ್ಟೆಯ ಮೇಲೆ ಕೇಳಿದ್ದು.

ಕೊಲ್ಲಾಪುರಕ್ಕೆ ಮೊದಲ ಸಲ ಹೊರಟ ದಿನದ ಕತೆ ನೀವು ಕೇಳಬೇಕು. ಎಸ್ಟಿ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟಿಗೆ ಚಿಲ್ಲರೆ ತರುತ್ತೇನೆಂದು ಹೋದವರು ಬರಲೇ ಇಲ್ಲ. ನಾನು ಹುಡುಕಿಕೊಂಡು ಹೋದರೆ ಮೂತ್ರಾಲಯದ ಹಿಂದೆ ಅಡಗಿ ನಿಂತಿದ್ದಾರೆ. ಸಪನಾಳನ್ನು ಮೊದಲ ದಿನ ಶಾಲೆಗೆ ಕರೆದೊಯ್ದಾಗಲೂ ಇಷ್ಟು ಕಷ್ಟವಾಗಿರಲಿಲ್ಲ. ಕೇಂದ್ರದಲ್ಲಿ ಸರದಿ ಬಂದಾಗ ನರ್ಸು ಇಲ್ಲಿನ ರೂಢಿಯಂತೆ ತಂದೆಯ ಹೆಸರನ್ನೂ ಕೂಡಿಸಿ "ಸಿದ್ಧಾರೂಢ ತಮ್ಮಣ್ಣ" ಎಂದು ಜೋರಾಗಿ ಕರೆದಳು. ತಮ್ಮಣ್ಣ ಎಂದದ್ದು ಕಿವಿಗೆ ಬಿದ್ದಕೂಡಲೇ ಇವರು ಎದ್ದು ನಿಂತು, ಬಾಯಿ ಒರೆಸಿಕೊಂಡು, ನೀವೆಲ್ಲಿ ಬಂದಿರೋ ಎಂದು ಬಾಗಿಲ ಕಡೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ನರ್ಸು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಮೊದಲ ವಾರಗಳು ಸುಲಭವಿರಲಿಲ್ಲ ಎಂದು ಮುಚ್ಚಿಡುವುದಿಲ್ಲ. ತಲೆನೋವು, ಎಲ್ಲರ ಮೇಲೂ ಸಿಡುಕು, ಮಲಗಿದರೆ ನಿದ್ದೆಯಿಲ್ಲ. ಬಾಯಿಗೆ ಏನಾದರೂ ಬೇಕೆಂದು ನಾನು ಸೋಂಪು, ಹುರಿದ ಕಡಲೆ, ಕೇಂದ್ರದವರು ಕೊಟ್ಟ ಚೂಯಿಂಗ್ ಗಮ್ ಎಲ್ಲ ಜೇಬಿಗೆ ತುಂಬಿ ಕಳಿಸುತ್ತಿದ್ದೆ. ಅಲ್ಲಿ ಕಾಗಲದ ಟ್ರಕ್ ಡ್ರೈವರ್ ಭಾವುಸಾಹೇಬ ಎಂಬವರು ಗೆಳೆಯರಾದರು, ಅವರದೂ ಇದೇ ಬೇನೆ. ಬಾಯಿ ತೆರೆಯಲು ಕೇಂದ್ರದವರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಕೂರಬೇಕು, ಬಾಯಿ ಸಡಿಲವಾದಂತೆ ಇನ್ನೊಂದು ಕಡ್ಡಿ ಸೇರಿಸಬೇಕು. ಕಡ್ಡಿ ಒದಗಿಸುವ ಜವಾಬ್ದಾರಿ ಸಪನಾ ವಹಿಸಿಕೊಂಡಿದ್ದಾಳೆ. ಅಪ್ಪನ ಔಷಧಕ್ಕೆಂದು ಹೇಳಿ ಓಣಿಯ ಗಾಡಿಯವನ ಹತ್ತಿರ ದಿನಾ ಐಸ್‌ಕ್ರೀಮ್ ತಿನ್ನುತ್ತಾಳೆ, ಬೇಡವೆಂದರೆ ನಿನಗೆ ಅಪ್ಪನ ಕಾಳಜಿಯೇ ಇಲ್ಲ ಎಂದು ನನಗೇ ಬೈಯುತ್ತಾಳೆ. ಭಾವುಸಾಹೇಬರೂ ಇವರೂ ಕೊಲ್ಲಾಪುರದ ಸ್ಟ್ಯಾಂಡಿನಲ್ಲಿ ಭೇಟಿಯಾದರೆ ನಮಸ್ಕಾರ ಗಿಮಸ್ಕಾರ ಏನಿಲ್ಲ, ಇಬ್ಬರೂ ಎದುರುಬದುರು ನಿಂತು ಆ ಎಂದು ಬಾಯಿ ತೆರೆದು ತೋರಿಸಿಕೊಳ್ಳುತ್ತಾರೆ. ಒಮ್ಮೆ ಒಬ್ಬ ಕಂಡಕ್ಟರ್ ಜಗಳ ಹತ್ತಿತೆಂದು ಬಿಡಿಸಲು ಬಂದಿದ್ದ.

ಒಮ್ಮೆ ಜಾರಿದರು, ಅದನ್ನೂ ಬರೆದೇ ಬಿಡುತ್ತೇನೆ. ದಸರೆಯ ಮುಂಚೆ ಒಂದು ಪಾಳಿಯಲ್ಲಿ ಎರಡು ಮಾಗ ಒಟ್ಟಿಗೆ ಕೆಟ್ಟು ನಿಂತು, ಮಾಲೀಕರಿಂದ ಬೈಸಿಕೊಂಡು, ಪಕ್ಕದವರ ಪುಡಿಕೆಯಿಂದ ಒಂದು ಚಿಟಿಕೆ ಹಾಕಿಕೊಂಡರಂತೆ. ಬೆಳಿಗ್ಗೆ ಬಂದವರು ಸ್ನಾನಕ್ಕೂ ಏಳದೆ ಗೋಡೆಗೊರಗಿ ಕೂತರು. ನಾನು ಏನೂ ಕೇಳುವ ಮುಂಚೆಯೇ "ತಿಂದೇನಿ" ಎಂದರು. ಕೂಗಾಡಬೇಕೆಂದು ಬಾಯಿ ತೆರೆದಿದ್ದೆ. ಆದರೆ ಇಷ್ಟು ವರ್ಷ ಬಚ್ಚಿಟ್ಟು ತಿಂದವರು ಮೊದಲ ಸಲ ತಾವಾಗಿ ಹೇಳಿದ್ದರು. ಚಹಾ ಮಾಡಿಕೊಟ್ಟೆ. ಚಹಾ ಕುಡಿದು ಅವರೇ ಭಾವುಸಾಹೇಬರಿಗೂ ಫೋನ್ ಮಾಡಿ ಹೇಳಿದರು. ಅಂದಿನಿಂದ ಮತ್ತೆ ಮುಟ್ಟಿಲ್ಲ.

ಈಗಿನ ಸಂಗತಿ ಕೇಳಿ, ನಿಮಗೆ ಖುಷಿಯಾಗುತ್ತದೆ. ಮೊದಲಿನಷ್ಟು ಬಾಯಿ ತೆರೆಯುವುದಿಲ್ಲ, ಆಗುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆದರೆ ಎರಡಕ್ಕೆ ನಿಂತಿದ್ದದ್ದು ಈಗ ಎರಡೂವರೆ ಬೆರಳಾಗಿದೆ, ಆ ಅರ್ಧ ಬೆರಳಿಗೆ ನಾನು ದೇವರ ಹೆಸರಿನಲ್ಲಿ ಸಕ್ಕರೆ ಹಂಚಿದ್ದೇನೆ. ಮೊನ್ನೆ ನನ್ನ ಎಣ್ಣೆಗಾಯಿ ಬದನೆಕಾಯಿಯನ್ನು ಮೊಸರಿಲ್ಲದೆ ಉಂಡರು. ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ, ಮತ್ತೊಂದು ಹಾಕು ಎಂದರು. ಮಾತಿನ ಸುದ್ದಿ ಮಾತ್ರ ಕೇಳಲೇಬೇಡಿ. ಮೊದಲು ಹೂಂ ಎನ್ನುವವರು ಈಗ ಪಾಳಿಯಿಂದ ಬಂದು ಚಪ್ಪಲಿ ಬಿಡುವಾಗಲೇ ಶುರು ಮಾಡುತ್ತಾರೆ, ಯಾವ ಮಾಗ ಏನಾಯಿತು, ಯಾರು ಯಾರಿಗೆ ಏನೆಂದರು ಎಲ್ಲ ಬೇಕು. ಸ್ನಾನ ಮಾಡುತ್ತ ಹಾಡುತ್ತಾರೆ, ರಾಗ ಒಂದು ಕಡೆ, ಇವರು ಒಂದು ಕಡೆ. ಗೋಡೆಯಾಚೆಯ ರಾಯವ್ವ ಮೊದಲು ಯಾರೋ ಬಿದ್ದರೆಂದುಕೊಂಡಿದ್ದಳು. ನಾನು ಗಂಡನನ್ನು ಹೊಸದಾಗಿ ಮದುವೆಯಾದಂತಿದೆ ಮಾವಾರ. ನಿಮಗೆ ಬರೆಯುವ ಮಾತಲ್ಲ ಇದು, ಬಂದುಬಿಟ್ಟಿತು, ಓದಿ ಮರೆತುಬಿಡಿ.

ಒಂದೇ ಒಂದು ಕೆಲಸ ಬಾಕಿಯಿದೆ. ಕೇಂದ್ರದ ಮ್ಯಾಡಮ್ ಒಂದು ದಿನ "ಘರಾತ ಕೋಣಾಪಾಸೂನ ಲಪವತಾ?" ಎಂದು, ಮನೆಯಲ್ಲಿ ಯಾರಿಂದ ಮುಚ್ಚಿಡುತ್ತೀರಿ ಎಂದು ಕೇಳಿದರು. ಇವರು ಅವರಿಗೆ ಕನ್ನಡ ಬಾರದೆಂಬುದನ್ನೂ ಮರೆತು "ನಮ್ಮಪ್ಪನ ಮುಂದ" ಎಂದರು. ನಾನು ಮರಾಠಿಯಲ್ಲಿ ಹೇಳಿದೆ. ಹಾಗಾದರೆ ಅವರಿಗೆ ನೀವೇ ಹೇಳಿಬಿಡಿ, ಒಬ್ಬರಿಂದ ಮುಚ್ಚಿಟ್ಟರೂ ತಿನ್ನಲು ಒಂದು ಮೂಲೆ ಉಳಿಯುತ್ತದೆ ಎಂದರು ಮ್ಯಾಡಮ್. ಇವರು ಉಳಿದ ಎಲ್ಲ ಮಾತಿಗೂ ಒಪ್ಪಿದರು, ಇದೊಂದಕ್ಕೆ ತಲೆ ತಗ್ಗಿಸಿದರು. ಹೋದ ವಾರವೂ ಮ್ಯಾಡಮ್ ಕೇಳಿದರು, ಹೋದ ವಾರವೂ ಅದೇ. ಇವರಿಗಿರುವುದು ಅಪ್ಪ ಹೊಡೆಯುತ್ತಾನೆಂಬ ಅಂಜಿಕೆಯಲ್ಲ. ನನ್ನಪ್ಪ ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವನಲ್ಲ, ಅವನು ಸುಮ್ಮನೆ ಕೂತುಬಿಟ್ಟರೆ ನಾನೇನು ಮಾಡಲಿ ಎನ್ನುತ್ತಾರೆ. ನೀವು ಸುಮ್ಮನೆ ಕೂರುವುದು ಹೇಗಿರುತ್ತದೆಂದು ನನಗೂ ಗೊತ್ತು, ಅದಕ್ಕೆ ಒತ್ತಾಯ ಮಾಡಲಿಲ್ಲ.

ಆದ್ದರಿಂದ ಮಾವಾರ, ನನ್ನದೊಂದು ಬೇಡಿಕೆ. ದೀಪಾವಳಿಗೆ ಮನೆಗೆ ಬನ್ನಿ. ನಿಮಗೆ ಗೊತ್ತಿದೆಯೆಂದು ತೋರಿಸಿಕೊಳ್ಳಬೇಡಿ. ಪಾಳಿಯಿಂದ ಬಂದ ಮಗನನ್ನು ಏನಪ್ಪಾ ಎಂದು ಕೇಳಿ, ಅಷ್ಟು ಸಾಕು, ಮುಂದೆ ಅವರೇ ಮಾತಾಡುತ್ತಾರೆ. ಆ ಮಾತಿನಲ್ಲಿ ಒಂದು ದಿನ ಇದನ್ನೂ ಹೇಳುತ್ತಾರೆ. ಹೇಳಿದ ದಿನ ಸಿಟ್ಟು ಮಾಡಿ, ಬೈಯಿರಿ, ಬೇಕಾದರೆ ಒಂದು ಏಟನ್ನೂ ಹಾಕಿ. ಎದ್ದು ಹೋಗಬೇಡಿ, ಸುಮ್ಮನೆ ಕೂರಬೇಡಿ. ಮತ್ತೆ, ನಾನು ಮಾತು ಮುರಿದದ್ದನ್ನು ಅವರಿಗೆ ಹೇಳಬೇಡಿ.

ಮನೀಷಾಳಿಗೂ ಬಾಳಗೊಂಡಣ್ಣನವರಿಗೂ ನನ್ನ ನಮಸ್ಕಾರ, ಮಕ್ಕಳ ಕೆನ್ನೆಗೆ ಮುತ್ತು. ನಿಮ್ಮ ಬಿಳಿ ಧೋತರ ಒಗೆದು ಗಂಜಿ ಹಾಕಿ ಇಟ್ಟಿದ್ದೇನೆ. ಮನೆಯಲ್ಲಿ ನಿಮ್ಮ ಹೊರತು ಬೇರೆ ಮಾವ ಇಲ್ಲ, ದೀರ್ಘದ್ದೂ ಇಲ್ಲ.

ನಿಮ್ಮ ಆಶೀರ್ವಾದ ಬೇಡುವ, ಸದ್ಯ ನಿಮ್ಮ ಬೈಗುಳಕ್ಕೂ ತಯಾರಿರುವ,
ಸೊಸೆ ವೃಷಾಲಿ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಗಿದೆ. ಸಹಿ ಹಾಕಿ ಹಾಲು ಉಕ್ಕಿತೆಂದು ಒಳಗೆ ಓಡಿದ್ದೆ. ಬರುವಷ್ಟರಲ್ಲಿ ಇವರು ಎದ್ದು ಈ ಕಾಗದ ಓದುತ್ತ ಕೂತಿದ್ದರು. ನೀವು ಇಷ್ಟು ದಿನ ಅಲ್ಲಿ ಏನೆಂದುಕೊಂಡು ಕೂತಿದ್ದೀರೆಂದು ಇವರಿಗೆ ಗೊತ್ತಾದದ್ದು ಈಗಲೇ. ನನ್ನ ಮೇಲೆ ಹರಿಹಾಯುತ್ತಾರೆಂದು ಕಾದೆ. ಇಲ್ಲ, ಅತ್ತುಬಿಟ್ಟರು. ಆಮೇಲೆ ಮುಖ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು, "ಪೋಸ್ಟಿಗೆ ಹಾಕಬ್ಯಾಡ. ನಾನ ಒಯ್ದು ಅಪ್ಪನ ಕೈಯಾಗ ಕೊಡತೇನಿ" ಎಂದರು. ಹಾಗಾಗಿ ಇದನ್ನು ನಿಮ್ಮ ಕೈಗಿಟ್ಟವರು ಇವರೇ. ನೀವು ಓದಿ ಮುಗಿಸುವವರೆಗೂ ಅಂಗಡಿಯ ಹೊರಗೇ ನಿಂತಿರುತ್ತಾರಂತೆ, ಕರೆಯದೆ ಒಳಗೆ ಬರುವುದಿಲ್ಲವಂತೆ. ಮೊದಲೇ ಗೊತ್ತಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಮಾವಾರ, ಮಗನನ್ನು ಒಳಗೆ ಕರೆಯಿರಿ.